ಅನ್ನ, ನೆಂಟಸ್ತಿಕೆ ಮತ್ತು ಪ್ರಯೋಗಶಾಲೆ: ಕನ್ನಡ ಪ್ರದೇಶದಲ್ಲಿ ವಿಜ್ಞಾನ ಪದವಿಗೆ ಕಾಲೇಜಿನ ಆಯ್ಕೆ

ಉನ್ನತ ಶಿಕ್ಷಣದ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳು ಬಹುಮಟ್ಟಿಗೆ ಸಂಸ್ಥೆಗಳ ಚರಿತ್ರೆಗಳಾಗಿವೆ. ಕಾಲೇಜು ಯಾವ ವರ್ಷ ಸ್ಥಾಪನೆಯಾಯಿತು, ಜಾಗವನ್ನು ಕೊಟ್ಟವರು ಯಾರು, ಯಾವ ಪ್ರಾಂಶುಪಾಲರ ಕಾಲದಲ್ಲಿ ಯಾವ ಕಟ್ಟಡ ಎದ್ದಿತು ಎಂಬ ವಿವರಗಳು ಬೆಳ್ಳಿಹಬ್ಬ, ಶತಮಾನೋತ್ಸವಗಳ ಸಂಚಿಕೆಗಳಲ್ಲಿ ದೊರೆಯುತ್ತವೆ. ಆದರೆ ಆ ಕಾಲೇಜಿನ ಬಾಗಿಲಿಗೆ ಬಂದು ನಿಂತ ವಿದ್ಯಾರ್ಥಿಯು ಬೇರೆ ಕಾಲೇಜಿಗೆ ಹೋಗದೆ ಅಲ್ಲಿಗೇ ಏಕೆ ಬಂದನೆಂಬ ಪ್ರಶ್ನೆಗೆ ದಾಖಲಾತಿಯ ಪುಸ್ತಕಗಳಲ್ಲಿ ಉತ್ತರವಿಲ್ಲ. ಅವುಗಳಲ್ಲಿ ಹೆಸರು, ಜಾತಿ, ಊರು ಮತ್ತು ಶುಲ್ಕದ ಮೊತ್ತಗಳಿವೆ, ಕಾರಣಗಳಿಲ್ಲ. ಕಾರಣಗಳು ಉಳಿದಿರುವುದು ಆತ್ಮಕಥನಗಳಲ್ಲಿ ಮತ್ತು ಮನೆತನಗಳ ಮೌಖಿಕ ನೆನಪುಗಳಲ್ಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೊದಲಾದ ನಿಸರ್ಗ ವಿಜ್ಞಾನಗಳಲ್ಲಿ ಪದವಿ ಪಡೆಯಬಯಸಿದ ಕನ್ನಡ ವಿದ್ಯಾರ್ಥಿಗಳು ಕಾಲೇಜನ್ನು ಹೇಗೆ ಆರಿಸಿಕೊಂಡರು, ಆ ಆಯ್ಕೆಯನ್ನು ಯಾವ ಸಂಗತಿಗಳು ನಿಯಂತ್ರಿಸಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಆಡುಮಾತೇ ಒಂದು ಪ್ರವೇಶವನ್ನು ಒದಗಿಸುತ್ತದೆ. ಕಾಲೇಜಿನ ವಿಷಯದಲ್ಲಿ ‘ಆಯ್ಕೆ’ ಎಂಬ ಪದವನ್ನು ಕನ್ನಡದ ಹಳ್ಳಿಗರು ಬಳಸುವುದು ವಿರಳ. ‘ಮಗನನ್ನು ಕಾಲೇಜಿಗೆ ಹಾಕಿದರು’, ‘ಬೆಂಗಳೂರಿನಲ್ಲಿ ಸೇರಿಸಿದರು’, ‘ಅವರ ಮಾವ ಮನೆಯಲ್ಲಿಟ್ಟುಕೊಂಡು ಓದಿಸಿದರು’ ಎಂಬುವೇ ರೂಢಿಯ ಮಾತುಗಳು. ಹಾಕು, ಸೇರಿಸು, ಇಟ್ಟುಕೊಳ್ಳು, ಓದಿಸು ಎಂಬ ಈ ಕ್ರಿಯಾಪದಗಳಲ್ಲೆಲ್ಲ ಕರ್ತೃ ವಿದ್ಯಾರ್ಥಿಯಲ್ಲ. ಅವನ ತಂದೆ, ಸೋದರಮಾವ, ಊರಿನ ಮೇಷ್ಟ್ರು ಅಥವಾ ಮಠದ ಸ್ವಾಮಿಗಳು. ಕಾಲೇಜಿನ ಆಯ್ಕೆಯು ಒಬ್ಬ ವ್ಯಕ್ತಿಯ ಅಭಿರುಚಿಯ ಪ್ರಶ್ನೆಯಾಗುವ ಮೊದಲು ಒಂದು ಮನೆತನದ, ಕೆಲವೊಮ್ಮೆ ಒಂದು ಊರಿನ ಶಕ್ತಿಯ ಪ್ರಶ್ನೆಯಾಗಿತ್ತೆಂಬುದನ್ನು ಭಾಷೆಯೇ ಸೂಚಿಸುತ್ತದೆ. ವಿಜ್ಞಾನದ ಪದವಿಯ ವಿಷಯದಲ್ಲಿ ಈ ಮಾತು ಮತ್ತಷ್ಟು ನಿಜ.

ಪ್ರಯೋಗಶಾಲೆ ಇದ್ದ ಊರುಗಳು

ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರಗಳನ್ನು ಬೋಧಿಸುವ ಕಾಲೇಜನ್ನು ಕೆಲವು ಕೊಠಡಿಗಳು, ಅಧ್ಯಾಪಕರು ಮತ್ತು ಒಂದು ಗ್ರಂಥಭಂಡಾರದಿಂದ ಆರಂಭಿಸಬಹುದಾಗಿತ್ತು. ವಿಜ್ಞಾನಕ್ಕೆ ಇಷ್ಟು ಸಾಲದು. ರಸಾಯನಶಾಸ್ತ್ರಕ್ಕೆ ನೀರು ಮತ್ತು ಅನಿಲದ ವ್ಯವಸ್ಥೆಯುಳ್ಳ ಮೇಜುಗಳು, ನಿಖರವಾದ ತಕ್ಕಡಿಗಳು, ಗಾಜಿನ ಸಾಮಾನು. ಭೌತಶಾಸ್ತ್ರಕ್ಕೆ ಆಮದು ಮಾಡಿಕೊಂಡ ಉಪಕರಣಗಳು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳಿಗೆ ಸೂಕ್ಷ್ಮದರ್ಶಕಗಳು ಮತ್ತು ಮಾದರಿಗಳ ಸಂಗ್ರಹ ಬೇಕು. ಇವುಗಳನ್ನು ಕಾಯಲು, ಸಿದ್ಧಪಡಿಸಿಕೊಡಲು ನುರಿತ ಸಹಾಯಕರೂ ಬೇಕು. ಇವೆಲ್ಲ ಇವೆಯೆಂದು ವಿಶ್ವವಿದ್ಯಾನಿಲಯಕ್ಕೆ ಮನವರಿಕೆಯಾಗದೆ ಪದವಿ ತರಗತಿಗೆ ಅನುಮತಿ ದೊರೆಯುತ್ತಿರಲಿಲ್ಲ. ಆದುದರಿಂದ ಕಲಾ ಕಾಲೇಜುಗಳಿಗೆ ಹೋಲಿಸಿದರೆ ವಿಜ್ಞಾನದ ಪದವಿಯನ್ನು ಕೊಡಬಲ್ಲ ಕಾಲೇಜುಗಳ ಸಂಖ್ಯೆ ದೀರ್ಘಕಾಲ ಬಹಳ ಕಡಿಮೆಯಿತ್ತು.

ಮೈಸೂರು ಸಂಸ್ಥಾನದಲ್ಲಿ ಈ ಸ್ಥಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸಲ್ಲುತ್ತದೆ. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾದ ಈ ಸಂಸ್ಥೆಯು 1875ರಲ್ಲಿ ಸೆಂಟ್ರಲ್ ಕಾಲೇಜಾಗಿ ಮದ್ರಾಸು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿತು. ಮೈಸೂರಿನ ಮಹಾರಾಜ ಕಾಲೇಜು 1833ರಲ್ಲಿ ತೊಡಗಿದ ಇಂಗ್ಲಿಷ್ ಶಾಲೆಯಿಂದ ಬೆಳೆದುಬಂದದ್ದು. ಆ ಕಾಲದಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ವಿಜ್ಞಾನವನ್ನು ಐಚ್ಛಿಕವಾಗಿ ಓದಿದವರಿಗೂ ಬಹುಕಾಲ ಬಿ.ಎ. ಪದವಿಯೇ ದೊರೆಯುತ್ತಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ ಸಿ.ವಿ. ರಾಮನ್ 1904ರಲ್ಲಿ ಪಡೆದದ್ದೂ ಬಿ.ಎ. ಪದವಿಯನ್ನೇ. ಹೀಗಾಗಿ ಹಳೆಯ ಪದವೀಧರರ ಹೆಸರಿನ ಮುಂದಿನ ಅಕ್ಷರಗಳನ್ನು ಮಾತ್ರ ನೋಡಿ ಅವರು ಓದಿದ ವಿಷಯವನ್ನು ನಿರ್ಧರಿಸುವಂತಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈ ಎರಡು ಕಾಲೇಜುಗಳೇ ಅದರ ಆಧಾರವಾದವು. ಇರುವ ಸಂಪನ್ಮೂಲವನ್ನು ಎರಡು ಕಡೆ ಹರಡಿ ತೆಳುವಾಗಿಸುವ ಬದಲು ಮಾನವಿಕಗಳನ್ನು ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ವಿಜ್ಞಾನಗಳನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಕೇಂದ್ರೀಕರಿಸಲಾಯಿತು. ಆಡಳಿತದ ದೃಷ್ಟಿಯಿಂದ ಇದು ವಿವೇಕದ ನಿರ್ಧಾರವೇ. ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಮೈಸೂರು ನಗರದ ಹುಡುಗನು ತತ್ತ್ವಶಾಸ್ತ್ರ ಓದುವುದಾದರೆ ಮನೆಯಿಂದ ನಡೆದು ಕಾಲೇಜಿಗೆ ಹೋಗಬಹುದಿತ್ತು. ರಸಾಯನಶಾಸ್ತ್ರ ಓದುವುದಾದರೆ ಊರನ್ನೇ ಬಿಡಬೇಕಿತ್ತು. ಮೈಸೂರಿನ ಯುವರಾಜ ಕಾಲೇಜು 1928ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾದರೂ ಆಗ ಅಲ್ಲಿ ಪದವಿ ತರಗತಿಗಳಿರಲಿಲ್ಲ. ಹೀಗೆ ಶಾಸ್ತ್ರದ ಆಯ್ಕೆಯು ಊರಿನ ಆಯ್ಕೆಯೊಂದಿಗೆ ತಳುಕು ಹಾಕಿಕೊಂಡಿತು. ಯಾವ ವಿಷಯ ಇಷ್ಟ ಎಂಬುದಕ್ಕಿಂತ ಮೊದಲು ಬೆಂಗಳೂರಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಬರುತ್ತಿತ್ತು.

ವಿಶ್ವವಿದ್ಯಾನಿಲಯದ ಗಡಿಗಳು

ಮೈಸೂರು ಸಂಸ್ಥಾನದ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಆಯ್ಕೆಯನ್ನು ನಿರ್ಧರಿಸಿದ್ದು ಭಾಷೆಯಾಗಲಿ ದೂರವಾಗಲಿ ಅಲ್ಲ, ಆಡಳಿತದ ಗಡಿ. 1956ಕ್ಕೆ ಮೊದಲು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ವಿಶ್ವವಿದ್ಯಾನಿಲಯಗಳ ಲೆಕ್ಕದಲ್ಲಿಯೂ ಹಂಚಿಹೋಗಿದ್ದರು.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದವರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಇಲ್ಲಿನ ವಿದ್ಯಾರ್ಥಿಗೆ ಪುಣೆ, ಮುಂಬಯಿ, ಕೊಲ್ಹಾಪುರಗಳೇ ದಾರಿ. ಆಲೂರು ವೆಂಕಟರಾಯರು, ದ.ರಾ. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದು ಈ ಕಾರಣದಿಂದಲೇ. ಕರ್ನಾಟಕ ಕಾಲೇಜು ತೆರೆದ ಮೇಲೆ ಚಿತ್ರ ಬದಲಾಗತೊಡಗಿತು. ಗೋಕಾಕ ತಾಲ್ಲೂಕಿನ ಗ್ರಾಮೀಣ ಕುಟುಂಬವೊಂದರಿಂದ ಬಂದ ಡಿ.ಸಿ. ಪಾವಟೆಯವರು ಧಾರವಾಡದಲ್ಲಿ ಗಣಿತವನ್ನು ಓದಿ ಕೇಂಬ್ರಿಜ್‌ಗೆ ಹೋಗಿ ರ‍್ಯಾಂಗ್ಲರ್ ಆದರು. ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು ಅದನ್ನು ಬೆಳೆಸಿದರು. ಹತ್ತಿರದಲ್ಲಿ ಒಂದು ಕಾಲೇಜು ಇರುವುದರಿಂದ ಏನಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಬೀದರ, ಗುಲಬರ್ಗಾ, ರಾಯಚೂರು ಭಾಗದ ವಿದ್ಯಾರ್ಥಿಗಳ ಸಮಸ್ಯೆ ಇನ್ನೊಂದು ಬಗೆಯದು. ಹೈದರಾಬಾದು ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನ ಮಾಧ್ಯಮವನ್ನಾಗಿ ಮಾಡಿಕೊಂಡಿತು. ಆಧುನಿಕ ವಿಜ್ಞಾನವನ್ನು ಭಾರತೀಯ ಭಾಷೆಯೊಂದರಲ್ಲಿ ಪದವಿ ಮಟ್ಟದವರೆಗೆ ಬೋಧಿಸಿದ ಈ ಪ್ರಯತ್ನ ಶೈಕ್ಷಣಿಕ ಚರಿತ್ರೆಯಲ್ಲಿ ಗಣನೀಯವಾದುದು. ಅದಕ್ಕಾಗಿ ಅನುವಾದ ವಿಭಾಗವೊಂದೇ ಕೆಲಸ ಮಾಡಿತು. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. ಇಂಗ್ಲಿಷಿನಲ್ಲಿ ಓದಬೇಕೆಂದರೆ ಹೈದರಾಬಾದಿನ ನಿಜಾಮ್ ಕಾಲೇಜಿತ್ತು. ಅದು ಮದ್ರಾಸು ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿತ್ತು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ರಾಜಧಾನಿಯ ವಾಸ ಅನಿವಾರ್ಯವಾಗಿತ್ತು.

ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ಮಂಗಳೂರಿನಲ್ಲಿ ಸರ್ಕಾರಿ ಕಾಲೇಜೂ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜೂ ಇದ್ದುದರಿಂದ ಕರಾವಳಿಯು ಉಳಿದ ಭಾಗಗಳಿಗಿಂತ ಅನುಕೂಲವನ್ನು ಪಡೆದಿತ್ತು. ಆದರೂ ಆನರ್ಸ್‌ನಂತಹ ಮೇಲಿನ ಓದಿಗೆ ಕರಾವಳಿಯವರು ನೋಡುತ್ತಿದ್ದುದು ಮದ್ರಾಸಿನ ಕಡೆಗೆ.

ಗಡಿಯ ಈ ಪ್ರಭಾವಕ್ಕೆ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಅವರ ವಿದ್ಯಾಭ್ಯಾಸದ ಮಾರ್ಗವು ಸ್ಪಷ್ಟವಾದ ಉದಾಹರಣೆ. 1932ರಲ್ಲಿ ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಅವರು ಉಡುಪಿಯಲ್ಲಿ ಪ್ರೌಢಶಾಲೆ ಮುಗಿಸಿ ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, 1951ರಲ್ಲಿ ಬಿ.ಎಸ್ಸಿ. ಪದವಿ ಪಡೆದದ್ದು ಅನಂತಪುರದ ಸರ್ಕಾರಿ ಕಾಲೇಜಿನಿಂದ. ಇಂದಿನ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ ಉಡುಪಿಯ ಹುಡುಗನೊಬ್ಬ ಘಟ್ಟ ಹತ್ತಿ, ಮೈಸೂರು ಸಂಸ್ಥಾನವನ್ನು ದಾಟಿ ಬಳ್ಳಾರಿ, ಅನಂತಪುರಗಳಿಗೆ ಹೋದದ್ದು ವಿಚಿತ್ರವಾಗಿ ಕಾಣುತ್ತದೆ. ಅಂದಿನ ನಕಾಶೆಯಲ್ಲಿ ಉಡುಪಿ, ಬಳ್ಳಾರಿ, ಅನಂತಪುರ ಮೂರೂ ಒಂದೇ ಪ್ರಾಂತದಲ್ಲಿದ್ದವು. ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು ಆರಂಭವಾದದ್ದು 1949ರಲ್ಲಿ. ಅಷ್ಟರಲ್ಲಿ ಅವರು ಊರು ಬಿಟ್ಟಾಗಿತ್ತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಇಂತಹ ಗಡಿಯು ಒಂದೇ ನಗರದೊಳಗೂ ಇರಬಹುದಿತ್ತು. ಬೆಂಗಳೂರಿನ ಪೇಟೆಯು ಮಹಾರಾಜರ ಆಡಳಿತಕ್ಕೂ ದಂಡು ಪ್ರದೇಶವು ಬ್ರಿಟಿಷರ ಆಡಳಿತಕ್ಕೂ ಸೇರಿದ್ದವು. ಸೆಂಟ್ರಲ್ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯದ್ದಾದರೆ ಸಂತ ಜೋಸೆಫರ ಕಾಲೇಜು ಮದ್ರಾಸು ವಿಶ್ವವಿದ್ಯಾನಿಲಯದ ಸಂಯೋಜನೆಯಲ್ಲಿತ್ತು. ತಿಪಟೂರಿನಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದ ಅಣುವಿಜ್ಞಾನಿ ರಾಜಾರಾಮಣ್ಣನವರು ಸಂತ ಜೋಸೆಫರ ಕಾಲೇಜಿನಲ್ಲಿ ಓದಿದ ಮೇಲೆ ಪದವಿಗೆ ಮದ್ರಾಸು ಕ್ರಿಶ್ಚಿಯನ್ ಕಾಲೇಜಿಗೆ ತೆರಳಿದರು. ಮನೆಯ ಸಮೀಪದಲ್ಲಿಯೇ ಸೆಂಟ್ರಲ್ ಕಾಲೇಜು ಇದ್ದಾಗಲೂ ಇಂಟರ್‌ಮೀಡಿಯೆಟ್ ಓದಿದ ವಿಶ್ವವಿದ್ಯಾನಿಲಯದ ಜಾಡನ್ನೇ ಹಿಡಿದು ಹೋಗುವುದು ಸಹಜವೆನಿಸುತ್ತಿದ್ದ ಕಾಲವದು.

ಅನ್ನದ ದಾರಿ

ಪ್ರಯೋಗಶಾಲೆ ಯಾವ ಊರಿನಲ್ಲಿದೆ, ಅದು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ ಎಂಬ ಎರಡು ಪ್ರಶ್ನೆಗಳು ಇತ್ಯರ್ಥವಾದ ಮೇಲೆ ಮೂರನೆಯ ಪ್ರಶ್ನೆ ಉಳಿಯುತ್ತಿತ್ತು. ಹುಡುಗ ಅಲ್ಲಿ ಊಟ ಮಾಡುವುದೆಲ್ಲಿ? ಬಡ ಹಾಗೂ ಮಧ್ಯಮ ವರ್ಗದ ಕುಟುಂಬಗಳಲ್ಲಿ ಕಾಲೇಜಿನ ಶುಲ್ಕಕ್ಕಿಂತ ಈ ಪ್ರಶ್ನೆ ದೊಡ್ಡದಾಗಿತ್ತು. ಮೌಖಿಕ ನೆನಪುಗಳಲ್ಲಿ ಕಾಲೇಜಿನ ಹೆಸರಿಗಿಂತ ಉಂಡ ಮನೆಯ ಹೆಸರು ಗಟ್ಟಿಯಾಗಿ ಉಳಿದಿರುವುದು ಇದರಿಂದಲೇ.

ಮೊದಲನೆಯ ವ್ಯವಸ್ಥೆ ನೆಂಟಸ್ತಿಕೆ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದಲು ಸಾಧ್ಯವಾದದ್ದು ಸೋದರಮಾವನ ಆಶ್ರಯದಿಂದ ಮತ್ತು ಮನೆಪಾಠ ಹೇಳಿ ಗಳಿಸಿದ ಹಣದಿಂದ. 1881ರಲ್ಲಿ ಬಿ.ಎ. ಮುಗಿದ ಮೇಲೆ ಸರ್ಕಾರದ ವಿದ್ಯಾರ್ಥಿವೇತನ ದೊರೆತು ಅವರು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು. ದಕ್ಷಿಣ ಭಾರತದ ಬಂಧುತ್ವ ವ್ಯವಸ್ಥೆಯಲ್ಲಿ ಸೋದರಮಾವನಿಗಿರುವ ಸ್ಥಾನವನ್ನು ಜಾನಪದ ಅಧ್ಯಯನಗಳು ವಿಸ್ತಾರವಾಗಿ ಚರ್ಚಿಸಿವೆ. ಹುಟ್ಟು, ಮದುವೆ, ಮರಣಗಳ ಆಚರಣೆಗಳಲ್ಲಿ ಮಾವನಿಗೆ ಇರುವ ಹೊಣೆಯು ಆಧುನಿಕ ಶಿಕ್ಷಣದ ಕಾಲದಲ್ಲಿ ಅಳಿಯನನ್ನು ಪಟ್ಟಣದಲ್ಲಿಟ್ಟುಕೊಂಡು ಓದಿಸುವ ಹೊಣೆಯಾಗಿ ಮುಂದುವರಿಯಿತೆಂದು ಹೇಳಬಹುದು. ಹಳೆಯ ಬಂಧುತ್ವವು ಹೊಸ ಕಾಲೇಜಿಗೆ ದಾರಿಯಾದ ಬಗೆ ಇದು.

ಎರಡನೆಯದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಈ ಪದ್ಧತಿಯು ಹಳೆಯ ಪಾಠಶಾಲೆಗಳಿಂದ ಇಂಗ್ಲಿಷ್ ಶಾಲೆ, ಕಾಲೇಜುಗಳಿಗೆ ಹರಿದುಬಂದಿತು. ಇದನ್ನು ಉದಾರತೆಯ ನಿದರ್ಶನವಾಗಿ ಸ್ಮರಿಸುವುದು ರೂಢಿ. ಉದಾರತೆ ಇದ್ದದ್ದು ನಿಜ. ಆದರೆ ಇದಕ್ಕೆ ಎರಡು ಮಿತಿಗಳಿದ್ದವು. ಮೊದಲನೆಯದಾಗಿ, ಊಟದ ಪಂಕ್ತಿಯು ಜಾತಿಯ ಪಂಕ್ತಿಯೇ ಆಗಿದ್ದುದರಿಂದ ವಾರಾನ್ನದ ಪ್ರಯೋಜನ ಮುಖ್ಯವಾಗಿ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಸೀಮಿತವಾಯಿತು. ಪಟ್ಟಣದಲ್ಲಿ ತಮ್ಮ ಜಾತಿಯ ಅನುಕೂಲಸ್ಥ ಮನೆಗಳಿಲ್ಲದ ಸಮುದಾಯಗಳಿಗೆ ಆ ದಾರಿಯೇ ಇರಲಿಲ್ಲ. ಎರಡನೆಯದಾಗಿ, ವಾರಾನ್ನದ ಮನೆಯ ಹೊತ್ತಿಗೆ ವಿದ್ಯಾರ್ಥಿಯು ಹೊಂದಿಕೊಳ್ಳಬೇಕಿತ್ತು. ಪ್ರಯೋಗಶಾಲೆಯ ಕೆಲಸಕ್ಕೆ ಅದರದೇ ಆದ ಹೊತ್ತಿದೆ. ಲವಣದ ವಿಶ್ಲೇಷಣೆಯನ್ನು ನಡುವೆ ನಿಲ್ಲಿಸಿ ಊಟಕ್ಕೆ ಹೋಗಲಾಗದು. ಗಾಜಿನ ಸಾಮಾನು ಒಡೆದರೆ ತೆರಬೇಕಾದ ದಂಡ, ಪ್ರಯೋಗದ ದಾಖಲೆ ಪುಸ್ತಕ, ಛೇದನದ ಸಲಕರಣೆಗಳು, ಇವು ಬೇರೆಯ ಖರ್ಚುಗಳು. ವಾರಾನ್ನವನ್ನು ನಂಬಿ ಓದುವವನಿಗೆ ವಿಜ್ಞಾನಕ್ಕಿಂತ ಕಲಾ ವಿಷಯಗಳು ಸುಲಭವೆನಿಸಿದ್ದರೆ ಅದಕ್ಕೆ ಬುದ್ಧಿಯ ಒಲವಿನಷ್ಟೇ ಈ ಸಂಗತಿಗಳೂ ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ.

ಮೂರನೆಯ ವ್ಯವಸ್ಥೆಯಾದ ವಿದ್ಯಾರ್ಥಿನಿಲಯವು ಈ ಮಿತಿಗಳನ್ನು ಒಂದು ಮಟ್ಟಿಗೆ ಮುರಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಾಹ್ಮಣೇತರ ಸಮುದಾಯಗಳು ಸಂಘಟನೆಗೊಂಡಾಗ ಅವು ಕೈಗೆತ್ತಿಕೊಂಡ ಮುಖ್ಯ ಕೆಲಸಗಳಲ್ಲಿ ವಿದ್ಯಾರ್ಥಿಗಳ ಅನ್ನ-ವಸತಿಯೂ ಒಂದು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧರ್ಮಛತ್ರದ ಸಂಸ್ಥೆಯು ಮುಂದೆ ವಿದ್ಯಾರ್ಥಿನಿಲಯವನ್ನೂ ನಡೆಸಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದನಿಲಯವು ಕರ್ನಾಟಕ ಕಾಲೇಜಿನ ಅನೇಕ ಗ್ರಾಮೀಣ ವಿದ್ಯಾರ್ಥಿಗಳಿಗೆ ಆಸರೆಯಾಯಿತು. ರೈತರು ಸುಗ್ಗಿಯಲ್ಲಿ ಮಠಕ್ಕೆ ಸಲ್ಲಿಸುತ್ತಿದ್ದ ಜೋಳ, ರಾಗಿಗಳೇ ಇಂತಹ ನಿಲಯಗಳ ಬಂಡವಾಳ. ಕಣದಲ್ಲಿ ಮಠದ ಪಾಲನ್ನು ತೆಗೆದಿಡುವ ಹಳೆಯ ಆಚರಣೆಗೆ ಇದರಿಂದ ಹೊಸ ಅರ್ಥ ಬಂದಿತು. ಓದು ಬಾರದ ರೈತನ ಒಂದು ಮೊರ ಧಾನ್ಯವು ಎಲ್ಲಿಯೋ ಓದುತ್ತಿದ್ದ ಹುಡುಗನ ಊಟವಾಗುತ್ತಿತ್ತು.

ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳ ಬದುಕಿನಲ್ಲಿ ಈ ಎರಡೂ ತುದಿಗಳು ಕೂಡುತ್ತವೆ. ಮಾಗಡಿ ಬಳಿಯ ವೀರಾಪುರದಲ್ಲಿ ಜನಿಸಿ ತುಮಕೂರಿನಲ್ಲಿ ಪ್ರೌಢಶಾಲೆ ಓದಿದ ಅವರು ಸೆಂಟ್ರಲ್ ಕಾಲೇಜು ಸೇರಿ ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕ ವಿಷಯಗಳಾಗಿ ಆರಿಸಿಕೊಂಡಿದ್ದರು. 1930ರಲ್ಲಿ ಮಠದ ಉತ್ತರಾಧಿಕಾರಿಯಾಗಿ ನೇಮಕಗೊಂಡದ್ದರಿಂದ ಅವರ ಬದುಕು ಬೇರೆ ದಾರಿ ಹಿಡಿಯಿತು. ಮುಂದಿನ ಎಂಟು ದಶಕಗಳಿಗೂ ಹೆಚ್ಚು ಕಾಲ ಅವರು ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದರು. ಪಟ್ಟಣದ ಓದಿಗೆ ಏನು ಬೇಕಾಗುತ್ತದೆಂಬುದನ್ನು ಅವರು ಸ್ವತಃ ವಿದ್ಯಾರ್ಥಿಯಾಗಿ ಕಂಡವರಾಗಿದ್ದರು.

ಅಸ್ಪೃಶ್ಯರೆಂದು ಹೊರಗಿಡಲಾಗಿದ್ದ ಸಮುದಾಯಗಳಿಗೆ ಈ ದಾರಿಗಳೂ ತಡವಾಗಿ ತೆರೆದವು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯ ಶಿಫಾರಸುಗಳು ಹಿಂದುಳಿದ ವರ್ಗಗಳ ಶಿಕ್ಷಣ ಮತ್ತು ಉದ್ಯೋಗದ ಪ್ರಶ್ನೆಯನ್ನು ಮುನ್ನೆಲೆಗೆ ತಂದವು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ವಿದ್ಯಾರ್ಥಿನಿಲಯವು ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಮೂಲಕ ಕನ್ನಡ ಓದುಗರಿಗೆ ಪರಿಚಿತವಾಗಿದೆ. ಇಲ್ಲಿ ಒಂದು ಕೊರತೆಯನ್ನು ಗಮನಿಸಬೇಕು. ವಿದ್ಯಾರ್ಥಿನಿಲಯದ ಬದುಕನ್ನು ಕುರಿತು ಕನ್ನಡದಲ್ಲಿ ಬರೆದವರು ಹೆಚ್ಚಾಗಿ ಸಾಹಿತ್ಯದ ವಿದ್ಯಾರ್ಥಿಗಳು. ಅದೇ ನಿಲಯಗಳಲ್ಲಿ ಇದ್ದು ಬಿ.ಎಸ್ಸಿ. ಓದಿ ಪ್ರೌಢಶಾಲಾ ಶಿಕ್ಷಕರೋ ಕೃಷಿ ಇಲಾಖೆಯ ನೌಕರರೋ ಆದವರ ಅನುಭವವು ಹೋಲಿಕೆಯಲ್ಲಿ ಬಹಳ ಕಡಿಮೆ ದಾಖಲಾಗಿದೆ.

ನಾಲ್ಕನೆಯದಾಗಿ, ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ‘ರೂಮು ಮಾಡಿಕೊಂಡು’ ಓದುವ ಕ್ರಮ ವ್ಯಾಪಕವಾಯಿತು. ಮೂರು ನಾಲ್ಕು ಹುಡುಗರು ಒಂದು ಕೋಣೆ ಹಿಡಿದು, ಊರಿನಿಂದ ತಂದ ಹಿಟ್ಟು, ಅಕ್ಕಿ, ಖಾರದಪುಡಿಗಳಿಂದ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಬುತ್ತಿಯೇ ಬಸ್ಸಿನಲ್ಲಿ ಪ್ರಯಾಣ ಮಾಡತೊಡಗಿತು. ತಾಯಿ ಮುಂಜಾನೆ ಕಟ್ಟಿದ ರೊಟ್ಟಿ, ಪಲ್ಯ, ಚಟ್ನಿಯ ಗಂಟು ಊರಿನ ಬಸ್ಸಿನಲ್ಲಿ ಬಂದು ಧಾರವಾಡ, ಹುಬ್ಬಳ್ಳಿಗಳ ನಿಲ್ದಾಣದಲ್ಲಿ ಮಗನ ಕೈ ಸೇರುತ್ತಿತ್ತು. ಹೀಗೆ ಓದಿದವರಿಗೆ ಒಳ್ಳೆಯ ಕಾಲೇಜೆಂದರೆ ಊರಿನಿಂದ ನೇರ ಬಸ್ಸಿರುವ ಪಟ್ಟಣದ ಕಾಲೇಜು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಬಹಳ ದಿನ ಬಾರವೆಂದು ಗಾದೆ ಹೇಳುತ್ತದೆ. ಪ್ರತಿದಿನವೂ ಬುತ್ತಿ ಕಟ್ಟಿದ ಕೈಗಳು ಅದನ್ನು ಮೂರು ವರ್ಷದ ಪದವಿಯವರೆಗೂ ಬರುವಂತೆ ಮಾಡಿದವು.

ಹೆಣ್ಣುಮಕ್ಕಳ ಆಯ್ಕೆ

ಮೇಲೆ ಹೇಳಿದ ದಾರಿಗಳೆಲ್ಲ ಗಂಡುಮಕ್ಕಳವು. ವಾರಾನ್ನವಾಗಲಿ ಕೋಣೆ ಹಿಡಿದು ಇರುವುದಾಗಲಿ ಹೆಣ್ಣುಮಗಳಿಗೆ ಸಾಧ್ಯವಿರಲಿಲ್ಲ. ಮೈಸೂರಿನ ಮಹಾರಾಣಿಯವರ ಶಾಲೆಯು 1881ರಿಂದ ಸ್ತ್ರೀಶಿಕ್ಷಣಕ್ಕೆ ನೆಲೆಯಾಗಿತ್ತು. ಬೆಂಗಳೂರಿನ ಮಹಾರಾಣಿ ಕಾಲೇಜು 1938ರಲ್ಲಿ ಆರಂಭವಾಯಿತು. ಆದರೆ ವಿಜ್ಞಾನದಲ್ಲಿ ಆನರ್ಸ್ ಓದಬಯಸಿದ ವಿದ್ಯಾರ್ಥಿನಿಯು ಗಂಡುಮಕ್ಕಳು 대ಬಹುಸಂಖ್ಯೆಯಲ್ಲಿದ್ದ ಸೆಂಟ್ರಲ್ ಕಾಲೇಜಿಗೇ ಹೋಗಬೇಕಿತ್ತು. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಚರಿತ್ರೆಯ ಕಡೆಗೆ ಒಲವಿದ್ದರೂ ಕೊನೆಗೆ ಗಣಿತ, ಭೌತಶಾಸ್ತ್ರಗಳನ್ನು ಆರಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಪಡೆದರು, ಅನಂತರ ಅಮೆರಿಕದಲ್ಲಿ ಓದಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ತಲೆಮಾರಿನ ಪದವೀಧರೆಯರಲ್ಲಿ ಒಬ್ಬರು. ಮನೆಯಲ್ಲಿ ಓದಿದ ಅಜ್ಜಿ, ಕಾಲೇಜಿರುವ ಊರಿನಲ್ಲಿಯೇ ಮನೆ ಎಂಬ ಎರಡು ಅನುಕೂಲಗಳು ಅಲ್ಲಿ ಒಟ್ಟುಗೂಡಿದ್ದವು. ಇವೆರಡೂ ಇಲ್ಲದ ತಾಲ್ಲೂಕು ಕೇಂದ್ರದ ಹುಡುಗಿಗೆ ಆಯ್ಕೆಯೆಂಬುದೇ ಇರಲಿಲ್ಲ. ವಿಜ್ಞಾನದ ಪದವಿ ತರಗತಿಗಳು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ಬಂದಾಗಲೇ ಗ್ರಾಮೀಣ ಹೆಣ್ಣುಮಕ್ಕಳು ಗಣನೀಯವಾಗಿ ಆ ತರಗತಿಗಳಲ್ಲಿ ಕಾಣಿಸಿಕೊಂಡರು.

ಭಾಷೆಯ ಹೊಸ್ತಿಲು

ಕಾಲೇಜು ಸೇರಿದ ಮೇಲೆ ದಾಟಬೇಕಾದ ಹೊಸ್ತಿಲು ಇಂಗ್ಲಿಷಿನದು. ಇದನ್ನು ಗುರುತಿಸಿ ಕೆಲಸ ಮಾಡಿದವರು ವಿಜ್ಞಾನದ ಅಧ್ಯಾಪಕರೇ ಎಂಬುದು ಉಲ್ಲೇಖನೀಯ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಬಿ.ಜಿ.ಎಲ್. ಸ್ವಾಮಿಯವರು ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವವನ್ನು ಆಧರಿಸಿದ ಅವರ ‘ಹಸುರು ಹೊನ್ನು’ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪದವಿ ತರಗತಿಯ ವಿಜ್ಞಾನ ಹೇಗಿರುತ್ತದೆ, ಅದರಲ್ಲಿ ಸಂತೋಷವೂ ಇರಬಲ್ಲದೆ ಎಂಬುದನ್ನು ಕನ್ನಡದ ಮನೆಗಳಿಗೆ ತಿಳಿಸಿದ ಕೃತಿ ಅದು. ಕಾಲೇಜಿನ ಆಯ್ಕೆಗೆ ಇಂತಹ ತಿಳಿವಳಿಕೆಯೂ ಒಂದು ಬುತ್ತಿಯೇ.

ನಡೆದು ಬಂದ ಹುಡುಗ, ಊರಿಗೆ ಹೋದ ಕಾಲೇಜು

ಈವರೆಗಿನ ಚರ್ಚೆಯ ಎಳೆಗಳೆಲ್ಲ ಡಾ. ಎಚ್. ನರಸಿಂಹಯ್ಯನವರ ಬದುಕಿನಲ್ಲಿ ಒಂದೆಡೆ ಸೇರುತ್ತವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಅವರು ಪ್ರೌಢಶಾಲೆಯ ಓದಿಗಾಗಿ ಊರಿನಿಂದ ಬೆಂಗಳೂರಿಗೆ ನಡೆದೇ ಬಂದವರು. ವಿದ್ಯಾರ್ಥಿನಿಲಯದ ಆಶ್ರಯದಲ್ಲಿ ಓದಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಸೇರಿ, 1942ರ ಚಳವಳಿಯಲ್ಲಿ ಓದು ನಿಲ್ಲಿಸಿ ಸೆರೆಮನೆ ಕಂಡು, ಮತ್ತೆ ಕಾಲೇಜಿಗೆ ಮರಳಿ ಪದವಿ ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆ ಕಾಲೇಜು ಆರಂಭವಾಗಿ ಆಗ ಒಂದು ವರ್ಷವಾಗಿತ್ತಷ್ಟೆ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಬಂದ ಮೇಲೂ ಅವರು ಅದೇ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬದುಕಿದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು, 2005ರಲ್ಲಿ ನಿಧನರಾದರು.

ಅವರ ಸಾಧನೆಗಳಲ್ಲಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು. ಅವರ ನೇತೃತ್ವದಲ್ಲಿ ನ್ಯಾಷನಲ್ ಶಿಕ್ಷಣ ಸಂಸ್ಥೆಯ ಕಾಲೇಜುಗಳು ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಲ್ಲಿ ತೆರೆದವು. ಮಳೆ ಕಡಿಮೆಯಾದ, ಹಿಂದುಳಿದ ಈ ತಾಲ್ಲೂಕುಗಳ ಹುಡುಗರು ಓದಿಗಾಗಿ ಬೆಂಗಳೂರಿಗೆ ನಡೆಯಬೇಕಾದ ಪ್ರಮೇಯ ಇಲ್ಲವಾಯಿತು. ಓದಿಗೆ ಏನು ತಡೆಯಾಗಿತ್ತೆಂಬುದನ್ನು ಕಾಲಿನಿಂದ ಅಳೆದು ತಿಳಿದಿದ್ದವರು ಕೈಗೊಂಡ ಪರಿಹಾರ ಇದು.

ಏಕೀಕರಣದ ನಂತರ ಇಡೀ ರಾಜ್ಯದಲ್ಲಿ ಇದೇ ದಿಕ್ಕಿನ ಚಲನೆ ಕಾಣುತ್ತದೆ. 1956ರಲ್ಲಿ ರಾಜ್ಯದಲ್ಲಿದ್ದವು ಮೈಸೂರು ಮತ್ತು ಧಾರವಾಡದ ಎರಡು ವಿಶ್ವವಿದ್ಯಾನಿಲಯಗಳು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲಬರ್ಗಾ ವಿಶ್ವವಿದ್ಯಾನಿಲಯಗಳು ಬಂದವು. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ವಿಜ್ಞಾನದ ಪದವಿಯನ್ನೂ ಶಿಕ್ಷಕರ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕೊಟ್ಟಿತು. ಖಾಸಗಿ ಮತ್ತು ಸರ್ಕಾರಿ ಕಾಲೇಜುಗಳು ತಾಲ್ಲೂಕುಗಳವರೆಗೂ ಹಬ್ಬಿದವು. ಈ ವಿಸ್ತರಣೆಯೊಂದಿಗೆ ಪ್ರಶ್ನೆಯ ಸ್ವರೂಪವೂ ಬದಲಾಯಿತು. ಹತ್ತಿರದ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೋಡಣೆ ಮಾತ್ರ ಇದ್ದರೆ ಸಸ್ಯ, ಪ್ರಾಣಿಗಳಲ್ಲಿ ಆಸಕ್ತಿಯಿದ್ದವನೂ ಅದನ್ನೇ ಓದಬೇಕಾಯಿತು. ಪಿ.ಸಿ.ಎಂ., ಸಿ.ಬಿ.ಝಡ್. ಎಂಬ ಅಕ್ಷರಗಳು ಮನೆಮಾತಾದದ್ದು ಹೀಗೆ. ಇನ್ನೊಂದೆಡೆ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಹೆಚ್ಚಿ, 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯವಸ್ಥೆ ಬಂದ ಮೇಲೆ, ಒಂದು ಕಾಲಕ್ಕೆ ಊರು ಬಿಟ್ಟು ಅರಸಿಕೊಂಡು ಹೋಗುತ್ತಿದ್ದ ಬಿ.ಎಸ್ಸಿ. ಪದವಿಯು ಅನೇಕರಿಗೆ ‘ಸೀಟು ಸಿಗದಿದ್ದರೆ’ ಎಂಬ ಮಾತಿನ ಮುಂದಿನ ಭಾಗವಾಯಿತು. ಸಂಶೋಧನೆಗೆಂದೇ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಪದವಿ ತರಗತಿಯನ್ನು ತೆರೆದದ್ದು ಮೂಲವಿಜ್ಞಾನದ ಓದಿಗೆ ಗೌರವವನ್ನು ಮರಳಿ ತರುವ ಪ್ರಯತ್ನಗಳಲ್ಲಿ ಒಂದು. ಆದರೆ ಅಲ್ಲಿನ ಪ್ರವೇಶ ಕೆಲವೇ ಮಂದಿಗೆ ಸಾಧ್ಯ. ಉಳಿದವರ ವಿಜ್ಞಾನವು ಸಮೀಪದ ಕಾಲೇಜಿನ ಪ್ರಯೋಗಶಾಲೆಯನ್ನೇ ಅವಲಂಬಿಸಿದೆ.

ಸಮಾರೋಪ

ಕನ್ನಡ ಪ್ರದೇಶದಲ್ಲಿ ವಿಜ್ಞಾನದ ಪದವಿಗೆ ಕಾಲೇಜನ್ನು ಆರಿಸಿಕೊಳ್ಳುವ ಕ್ರಿಯೆಯು ಪ್ರಯೋಗಶಾಲೆ, ವಿಶ್ವವಿದ್ಯಾನಿಲಯದ ಗಡಿ, ಅನ್ನ-ವಸತಿ ಮತ್ತು ಭಾಷೆ ಎಂಬ ನಾಲ್ಕು ಸಂಗತಿಗಳಿಂದ ನಿಯಂತ್ರಿತವಾಗಿತ್ತೆಂದು ಮೇಲಿನ ವಿವರಗಳಿಂದ ತಿಳಿದುಬರುತ್ತದೆ. ಇವುಗಳಲ್ಲಿ ಮೊದಲಿನ ಎರಡನ್ನು ಸರ್ಕಾರ ಮತ್ತು ವಿಶ್ವವಿದ್ಯಾನಿಲಯಗಳು ನಿರ್ಧರಿಸಿದವು, ಅವುಗಳ ದಾಖಲೆಗಳಿವೆ. ಮೂರನೆಯದನ್ನು ಸೋದರಮಾವಂದಿರು, ವಾರಾನ್ನದ ಗೃಹಿಣಿಯರು, ಮಠಗಳಿಗೆ ಧಾನ್ಯ ಕೊಟ್ಟ ರೈತರು, ಬುತ್ತಿ ಕಟ್ಟಿದ ತಾಯಂದಿರು ಹೊತ್ತರು. ಅದರ ದಾಖಲೆ ಬಹುಮಟ್ಟಿಗೆ ನೆನಪಿನಲ್ಲಿದೆ. ಪ್ರಸಿದ್ಧರಾದವರ ಉದಾಹರಣೆಗಳನ್ನು ಇಲ್ಲಿ ಬಳಸಿಕೊಂಡಿರುವುದು ಅವರ ವಿವರಗಳು ಲಭ್ಯವಿರುವುದರಿಂದ. ಅನ್ನ ಸಿಗದೆ ಪ್ರಯೋಗಶಾಲೆಯ ಬಾಗಿಲಿಗೂ ಬರಲಾಗದವರ, ಬಂದು ಹಿಂದಿರುಗಿದವರ ಸಂಖ್ಯೆ ಇವರಿಗಿಂತ ಎಷ್ಟೋ ದೊಡ್ಡದು.

ಕಾಲೇಜುಗಳ ದಾಖಲಾತಿ ಪುಸ್ತಕಗಳನ್ನು, ವಿದ್ಯಾರ್ಥಿನಿಲಯಗಳ ಊಟದ ಲೆಕ್ಕದ ಪುಸ್ತಕಗಳನ್ನು ಮತ್ತು ಮನೆತನಗಳ ಮೌಖಿಕ ನೆನಪುಗಳನ್ನು ಒಟ್ಟಿಗಿಟ್ಟು ನೋಡುವ ಕೆಲಸ ವ್ಯವಸ್ಥಿತವಾಗಿ ನಡೆಯಬೇಕಾಗಿದೆ. 1940 ಮತ್ತು 50ರ ದಶಕಗಳಲ್ಲಿ ಬಿ.ಎಸ್ಸಿ. ಓದಿದ ತಲೆಮಾರು ವೇಗವಾಗಿ ಮರೆಯಾಗುತ್ತಿದೆ. ಯಾವ ಕಾಲೇಜಿನಲ್ಲಿ ಓದಿದಿರಿ ಎಂಬ ಪ್ರಶ್ನೆಯ ಜೊತೆಗೆ ಆಗ ಎಲ್ಲಿ ಉಂಡಿರಿ ಎಂಬ ಪ್ರಶ್ನೆಯನ್ನೂ ಕೇಳಿ ಬರೆದಿಟ್ಟುಕೊಂಡರೆ ಕನ್ನಡ ನಾಡಿನ ವಿಜ್ಞಾನ ಶಿಕ್ಷಣದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಉಳಿದುಕೊಳ್ಳುತ್ತದೆ.